ಚಾ ಕುಡಿಯುವ ಊರಿನಲ್ಲಿ ಕಾಫಿ ಹೌಸ್: ನೀರು, ಡಿಕಾಕ್ಷನ್, ಬೆಂಚು

ಕಲಬುರಗಿಯಲ್ಲಿ ಫಿಲ್ಟರ್ ಕಾಫಿ ಕೆಡುವುದು ಪುಡಿಯಿಂದಲ್ಲ, ಚಾ ಮಾಡುವ ರೂಢಿಯಿಂದ. ಚಾಕ್ಕೆ ಕೈ ಪಳಗಿದವರು ಇಳಿಸಿದ ಡಿಕಾಕ್ಷನ್ನನ್ನೂ ಬರ್ನರ್ ಮೇಲಿಟ್ಟು ಕುದಿಸುತ್ತಲೇ ಇರುತ್ತಾರೆ. ಪರಿಮಳವೆಲ್ಲ ಹಬೆಯ ಜೊತೆ ಹೋಗಿ ಕಹಿ ಮಾತ್ರ ಉಳಿಯುತ್ತದೆ. ಆದ್ದರಿಂದ ಕಾಫಿ ಹೌಸ್ ತೆರೆಯುವವರು ಮೊದಲು ಚಾ ಒಲೆಯನ್ನೂ ಕಾಫಿ ಕಟ್ಟೆಯನ್ನೂ ಬೇರೆ ಮಾಡಬೇಕು. ಪಾತ್ರೆ, ಸೌಟು, ಸೋಸುವ ಬಟ್ಟೆ ಕೂಡ ಬೇರೆ ಇರಲಿ. ಏಲಕ್ಕಿ, ಶುಂಠಿ ವಾಸನೆ ಹಿಡಿದ ಪಾತ್ರೆಯಲ್ಲಿ ಕಾಫಿ ರುಚಿ ಬರುವುದಿಲ್ಲ.

ಕುದಿಸಿದ ಕಾಫಿಗೂ ಅದರದೇ ಪರಂಪರೆಯಿದೆ. 15ನೇ ಶತಮಾನದಲ್ಲಿ ಯೆಮೆನ್‌ನ ಸೂಫಿಗಳು ರಾತ್ರಿಯ ಜಿಕ್ರ್‌ಗೆ (ದೇವರ ನಾಮಸ್ಮರಣೆಗೆ) ಎಚ್ಚರವಿರಲೆಂದು ಕಾಫಿ ಕುಡಿಯುತ್ತಿದ್ದರು. 1550ರ ದಶಕದಲ್ಲಿ ಇಸ್ತಾಂಬುಲ್‌ನಲ್ಲಿ, 1652ರಲ್ಲಿ ಲಂಡನ್‌ನಲ್ಲಿ ಕಾಫಿ ಮನೆಗಳು ತೆರೆದಾಗ ಅಲ್ಲಿ ಸಿಗುತ್ತಿದ್ದದ್ದೂ ಕುದಿಸಿದ ಕಾಫಿಯೇ. ಮೇಲಿನ ಪಾತ್ರೆಯಿಂದ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುವ ಎರಡಂತಸ್ತಿನ ಫಿಲ್ಟರ್ ಬಂದದ್ದು 1800ರ ಸುಮಾರಿಗೆ, ಪ್ಯಾರಿಸ್‌ನಿಂದ. ನೆಪೋಲಿಯನ್ ಕಾಲದಲ್ಲಿ ಕಾಫಿ ಬೀಜಕ್ಕೆ ಅಭಾವ ಬಂದಾಗ ಚಿಕೋರಿ (ಹುರಿದು ಪುಡಿ ಮಾಡಿದ ಒಂದು ಗಿಡದ ಬೇರು) ಬೆರೆಸುವುದು ಫ್ರಾನ್ಸ್‌ನಲ್ಲಿ ಬಲವಾಯಿತು. ಸೂಫಿ ಸಂತ ಬಾಬಾ ಬುಡನ್ 17ನೇ ಶತಮಾನದಲ್ಲಿ ಚಿಕ್ಕಮಗಳೂರಿನ ಗಿರಿಗೆ ತಂದರೆಂದು ಹೇಳುವ ಬೀಜ, ಆ ಫಿಲ್ಟರ್, ಆ ಚಿಕೋರಿ, ಅದಕ್ಕೆ ನಮ್ಮ ಹಾಲು ಸೇರಿ ದಕ್ಷಿಣದ ಕಾಫಿ ಆಯಿತು.

ಈಗ ನೀರು. ಶಹಾಬಾದ್, ಸೇಡಂ, ವಾಡಿ ಕಡೆಯೆಲ್ಲ ಸುಣ್ಣಕಲ್ಲಿನ ನೆಲ. ಬೋರ್‌ವೆಲ್ ನೀರು ಗಡಸು. ಗಡಸು ನೀರಿನಲ್ಲಿ ಕಾಫಿಯ ಹುಳಿ ಸತ್ತು ರುಚಿ ಸಪ್ಪೆಯಾಗುತ್ತದೆ, ಎಷ್ಟು ಪುಡಿ ಹಾಕಿದರೂ ಏಳುವುದಿಲ್ಲ. ಯಂತ್ರದಲ್ಲಿ ಲವಣ ತೆಗೆದ ಬರೀ ಆರ್‌ಒ ನೀರೂ ಬೇಡ. ಲವಣವೇ ಇಲ್ಲದ ನೀರಿನಲ್ಲಿ ಕಾಫಿ ತೆಳುವಾಗಿ, ಹುಳಿ ಎದ್ದು ಕಾಣುತ್ತದೆ. ಆರ್‌ಒ ನೀರಿಗೆ ಕುಡಿಯಲು ಯೋಗ್ಯವಾದ ನಲ್ಲಿ ನೀರು ಬೆರೆಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ 100ರಿಂದ 150 ಬರುವಂತೆ ನೋಡಿಕೊಳ್ಳಿ. ಮೀಟರ್ ಇಲ್ಲದಿದ್ದರೆ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಬಿಳಿ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಸಿದುಕೊಂಡು ಬಳಸಿ. ಇದರಿಂದ ಗಡಸುತನ ಪೂರ್ತಿ ಹೋಗದು, ಆದರೆ ಕಾಫಿಗೆ ತೊಂದರೆ ಕೊಡುವ ಭಾಗ ಬಹಳಷ್ಟು ಇಳಿಯುತ್ತದೆ.

ಐವತ್ತರಿಂದ ಅರವತ್ತು ಲೋಟಕ್ಕೆ 500 ಗ್ರಾಂ ಪುಡಿ, ಎರಡೂವರೆ ಲೀಟರ್ ನೀರು. ಪುಡಿಯೇ ಸುಮಾರು ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದರಿಂದ ಕೈಗೆ ಸಿಗುವುದು ಒಂದೂವರೆ ಲೀಟರ್ ಗಟ್ಟಿ ಡಿಕಾಕ್ಷನ್. ಕಾಫಿ 80, ಚಿಕೋರಿ 20 ಇರುವ ಮಿಶ್ರಣ ಇಲ್ಲಿಗೆ ಸರಿ. ಗಟ್ಟಿ ಚಾ ಕುಡಿದು ರೂಢಿಯಾದ ಗಿರಾಕಿಗಳು ಹೆಚ್ಚಿದ್ದರೆ 70:30ಕ್ಕೆ ಹೋಗಬಹುದು. ಅದಕ್ಕಿಂತ ಹೆಚ್ಚು ಚಿಕೋರಿ ಹಾಕಿದರೆ ಬಣ್ಣ ಬರುತ್ತದೆ, ಕಾಫಿ ಬರುವುದಿಲ್ಲ. ಪೊಟ್ಟಣದ ಮೇಲೆ ಪ್ರಮಾಣ ಓದಿಯೇ ಕೊಳ್ಳಿ. ಕಾನೂನಿನ ಪ್ರಕಾರ ಚಿಕೋರಿ 49 ಪ್ರತಿಶತದವರೆಗೂ ಇರಬಹುದು.

ಪುಡಿಯನ್ನು ಮೇಲಿನ ಪಾತ್ರೆಗೆ ಸಮವಾಗಿ ಹರಡಿ, ಮೆಲ್ಲಗೆ ಒತ್ತಿ. ನೀರು ಕುದ್ದ ಮೇಲೆ ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುತ್ತ ಹಾಕಿ ಒಂದು ನಿಮಿಷ ಕಾಯಿರಿ. ಉಳಿದದ್ದನ್ನು ಎರಡು ಮೂರು ಸಲವಾಗಿ ಹಾಕಿ ಮುಚ್ಚಿ. ಈ ಪ್ರಮಾಣ ಇಳಿಯಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಹತ್ತೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪವಾಯಿತು ಅಥವಾ ಒತ್ತಿದ್ದು ಸಾಲಲಿಲ್ಲ. ಇಳಿಯದೆ ನಿಂತರೆ ಚಮಚ ಹಾಕಿ ಕೆದಕಬೇಡಿ, ನೀರು ಒಂದೇ ತೂತಿನಲ್ಲಿ ಹರಿದು ಅರ್ಧ ಪುಡಿ ಹಾಗೇ ಉಳಿಯುತ್ತದೆ. ಮೇಲಿನ ಪಾತ್ರೆಯನ್ನು ಒಂದು ಬೆರಳಷ್ಟು ಎತ್ತಿ ಮತ್ತೆ ಕೂರಿಸಿ. ಎರಡೂ ಪಾತ್ರೆ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಎತ್ತಿದರೆ ಗಾಳಿ ಹೊರಟು ತೊಟ್ಟು ಬೀಳತೊಡಗುತ್ತದೆ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಡಿಕಾಕ್ಷನ್ ಹೊರಗೆ ಮೂರು ತಾಸಿಗಿಂತ ಹೆಚ್ಚು ಇಡಬೇಡಿ. ಮುಂಜಾನೆಗೊಮ್ಮೆ, ಸಂಜೆಗೊಮ್ಮೆ ಹೊಸದಾಗಿ ಇಳಿಸುವುದೇ ಲೇಸು. ಬಿಸಿ ಬೇಕಾದರೆ ಬಿಸಿನೀರಿನ ಪಾತ್ರೆಯೊಳಗೆ ಡಿಕಾಕ್ಷನ್ ಪಾತ್ರೆ ಇಡಿ, ಬೆಂಕಿಯ ಮೇಲೆ ನೇರ ಬೇಡ.

ಬೀದರ್, ಯಾದಗಿರಿ ಕಡೆ ಎಮ್ಮೆ ಹಾಲು ಧಾರಾಳ. ಜಿಡ್ಡು ಹೆಚ್ಚಾದ್ದರಿಂದ ಕಾಫಿಯ ಪರಿಮಳ ಮುಚ್ಚಿಹೋಗುತ್ತದೆ. ಲೀಟರಿಗೆ 200 ಮಿಲೀ ನೀರು ಸೇರಿಸಿ ಒಮ್ಮೆ ಕುದಿ ಬರಿಸಿ ಸಣ್ಣ ಉರಿಗೆ ಇಳಿಸಿ. ಮತ್ತೆ ಮತ್ತೆ ಉಕ್ಕಿಸಿದ ಹಾಲಿಗೆ ಖೋವಾದ ವಾಸನೆ ಬರುತ್ತದೆ. ಲೋಟಕ್ಕೆ ಸಕ್ಕರೆ, 25ರಿಂದ 30 ಮಿಲೀ ಡಿಕಾಕ್ಷನ್, ಮೇಲೆ 90 ಮಿಲೀ ಬಿಸಿ ಹಾಲು. ಎರಡು ಸಲ ಎತ್ತಿ ಹೊಯ್ದರೆ ನೊರೆ ಬರುತ್ತದೆ. ಹಾಲು ಒಡೆದರೆ ಡಿಕಾಕ್ಷನ್ ಹಳತಾಗಿರಬೇಕು ಅಥವಾ ಹಾಲೇ ಹುಳಿ ತಿರುಗಿರಬೇಕು.

ಕಾಫಿ ಎಷ್ಟೇ ಚೆನ್ನಾಗಿರಲಿ, ಕೂರಲು ಜಾಗವಿಲ್ಲದಿದ್ದರೆ ಅದು ಕಾಫಿ ಹೌಸ್ ಅಲ್ಲ. ಮೆಕ್ಕಾದಲ್ಲಿ 1511ರಲ್ಲಿ ಕಾಫಿ ನಿಷೇಧವಾದದ್ದು, 1675ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕಾಫಿ ಮನೆ ಮುಚ್ಚಿಸಲು ಹೊರಟು ಕೆಲವೇ ದಿನಗಳಲ್ಲಿ ಹಿಂದೆ ಸರಿದದ್ದು, ಎರಡರ ಹಿಂದೆಯೂ ಅಲ್ಲಿ ಕೂತು ಮಾತಾಡುವ ಜನರ ಬಗ್ಗೆ ಆಳುವವರಿಗೆ ಭಯವಿತ್ತು. ನಮ್ಮಲ್ಲಿ 1936ರಲ್ಲಿ ಮುಂಬೈಯಲ್ಲಿ ಆರಂಭವಾದ ಇಂಡಿಯಾ ಕಾಫಿ ಹೌಸ್‌ಗಳನ್ನು 1950ರ ದಶಕದಲ್ಲಿ ಕಾಫಿ ಬೋರ್ಡ್ ಮುಚ್ಚಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಉಳಿಸಿಕೊಂಡರು. ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂತರೂ ಏಳಿಸದ ಪದ್ಧತಿಯನ್ನು ಈ ಮನೆಗಳಿಂದ ಕಲಿಯಬೇಕು.

ಆದ್ದರಿಂದ ಜಾಗವನ್ನು ಎರಡು ಭಾಗ ಮಾಡಿ. ಬಾಗಿಲ ಬಳಿ ನಿಂತು ಕುಡಿದು ಹೋಗುವವರಿಗೆ ಎತ್ತರದ ಕಟ್ಟೆ. ವ್ಯಾಪಾರ ಅಲ್ಲಿ ಬೇಗ ತಿರುಗುತ್ತದೆ, ಒಳಗೆ ಕೂತವರ ಮೇಲೆ ಒತ್ತಡ ಬೀಳುವುದಿಲ್ಲ. ಒಳಗೆ ನಾಲ್ಕು ಜನರ ಮೇಜು, ಬೆನ್ನಿಗೆ ಆಸರೆಯಿರುವ ಬೆಂಚು. ಮೇಜಿಗೆ ಶಹಾಬಾದ್ ಫರಸಿ ತಂಪು, ಅಗ್ಗ. ಆದರೆ ಅದು ಸುಣ್ಣಕಲ್ಲು, ನಿಂಬೆರಸ ಬಿದ್ದರೆ ಹೊಳಪು ಹೋಗುತ್ತದೆ. ಪಾಲಿಶ್ ಮಾಡಿಸಿ, ಚೆಲ್ಲಿದ್ದನ್ನು ಕೂಡಲೇ ಒರೆಸಿ. ಕನ್ನಡ ಪತ್ರಿಕೆಯ ಜೊತೆ ಒಂದು ಉರ್ದು ಪತ್ರಿಕೆಯನ್ನೂ ತರಿಸಿ, ಹಿರಿಯರು ಅದಕ್ಕಾಗಿಯೇ ಬರುತ್ತಾರೆ. ಟಿವಿ ಬೇಡ, ಮಾತು ನಿಂತುಹೋಗುತ್ತದೆ. ಮಿರ್ಚಿ ಭಜಿ, ಸುಸ್ಲಾ ಇಟ್ಟರೆ ಒಳ್ಳೆಯದೇ, ಎಣ್ಣೆ ಬಾಣಲೆ ಮಾತ್ರ ಕಾಫಿ ಕಟ್ಟೆಯಿಂದ ದೂರವಿರಲಿ. ಪುಡಿ ವಾಸನೆ ಹೀರುತ್ತದೆ.

ರಾತ್ರಿ ಫಿಲ್ಟರನ್ನು ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆದು ಬೋರಲು ಹಾಕಿ. ವಾರಕ್ಕೊಮ್ಮೆ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತು ನೋಡಿ. ಬಿಳಿ ಸುಣ್ಣ ಕಟ್ಟಿದ್ದರೆ ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಅರ್ಧ ಗಂಟೆ ನೆನೆಸಿ, ಎರಡು ಸಲ ಚೆನ್ನಾಗಿ ತೊಳೆಯಿರಿ.