ತೊಟ್ಟು ಅಂದುಕೊಂಡಿದ್ದು ತೊಟ್ಟಲ್ಲ

ಅಡಿಕೆ ತೋಟದ ಅಂಚಿನಲ್ಲಿ ಹಬ್ಬಿಸಿದ ವೆನಿಲಾ ಬಳ್ಳಿ ಮೂರನೇ ವರ್ಷಕ್ಕೆ ಹೂ ಬಿಟ್ಟಿತು. ಇದು ಮೆಕ್ಸಿಕೋ ಕಡೆಯ ಬಳ್ಳಿ. ನಮ್ಮಲ್ಲಿ ಇದರ ಪರಾಗಸ್ಪರ್ಶವನ್ನು ಕೈಯಿಂದಲೇ ಮಾಡಬೇಕು, ಒಂದೊಂದು ಹೂವಿಗೂ. ಬೆಳಗ್ಗೆ ಅರಳಿದ ಹೂ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ.

ಮೊದಲ ವಾರ ನಾನು ಮುಟ್ಟಿದ ಹೂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉದುರಿದವು. ತುಂಬಾ ಬೇಜಾರಾಯಿತು. ರಜೆಗೆ ಬಂದಿದ್ದ ಅಕ್ಕನ ಮಗಳು ಬಿಎಸ್‌ಸಿ ಓದುವವಳು. ಒಂದು ಬೆಳಗ್ಗೆ ಜೊತೆಗೆ ಬಂದು ನನ್ನ ಕೈಯನ್ನೇ ನೋಡುತ್ತಿದ್ದಳು.

"ಮಾವ, ಅದನ್ನು ಹಿಂಡಬೇಡ. ಅದು ತೊಟ್ಟಲ್ಲ, ಅಂಡಾಶಯ."

ನಾನು ಬಿಗಿಯಾಗಿ ಹಿಡಿದಿದ್ದು ಹೂವಿನ ಹಿಂದಿನ ಉದ್ದನೆಯ ಹಸಿರು ಕಡ್ಡಿಯನ್ನು. ನಾಳೆ ಕಾಯಿ ಆಗುವುದು ಅದೇ!

ಜಗಲಿಯಲ್ಲಿ ಕೂತು ಅವಳು ಒಂದು ದಾಸವಾಳ ಬಿಡಿಸಿ ತೋರಿಸಿದಳು. ಹಸಿರು ಬಟ್ಟಲು ಪುಷ್ಪಪತ್ರ, ಒಳಗೆ ಐದು ಎಸಳು, ನಡುವಿನ ಕೋಲಿನ ಮೈಗೆ ಪರಾಗ ಹೊತ್ತ ಕೇಸರಗಳು, ತುದಿಯ ಐದು ಚುಕ್ಕಿ ಪರಾಗ ಬಂದು ಅಂಟಬೇಕಾದ ಶಲಾಕಾಗ್ರ. ಅಂಡಾಶಯ ಬಟ್ಟಲಿನ ಒಳಗೇ ಕೂತಿರುತ್ತದೆ. ವೆನಿಲಾದಲ್ಲಿ ಹಾಗಲ್ಲ, ಅದು ಎಸಳುಗಳ ಕೆಳಗಿದೆ. ಸೌತೆಯ ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಇರುತ್ತದೆ ಅಲ್ವಾ, ಥೇಟ್ ಹಾಗೆ. ಆ ಹೋಲಿಕೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ವೆನಿಲಾದ ಪುಷ್ಪಪತ್ರ ಮೂರು, ಎಸಳು ಮೂರು. ಒಂದು ಎಸಳು ಮಾತ್ರ ಕೊಳವೆಯಂತೆ ಸುತ್ತಿಕೊಂಡಿರುತ್ತದೆ, ಅದಕ್ಕೆ ತುಟಿ ಅನ್ನುತ್ತಾರೆ. ಅದರೊಳಗೆ ಕೇಸರ, ಶಲಾಕೆ (ಶಲಾಕಾಗ್ರವನ್ನು ಹೊರುವ ದಂಟು) ಬೇರೆ ಬೇರೆ ಇಲ್ಲ. ಎರಡೂ ಕೂಡಿ ಒಂದೇ ಕಂಬ. ಮೇಲೆ ಪರಾಗಕೋಶ, ಕೆಳಗೆ ಶಲಾಕಾಗ್ರ, ನಡುವೆ ತೆಳ್ಳಗಿನ ಒಂದು ಪೊರೆ. ಪರಾಗವನ್ನು ತಡೆಯುವುದು ಈ ಪೊರೆ. ನಾನು ಅದುವರೆಗೆ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಸುಮ್ನೆ ಕಡ್ಡಿ ಆಡಿಸುತ್ತಿದ್ದೆ.

ಈಗ ಹೀಗೆ ಮಾಡುತ್ತೇನೆ. ಎಡಗೈಯಲ್ಲಿ ಹೂವನ್ನು ಹಗುರಾಗಿ ಹಿಡಿಯುತ್ತೇನೆ. ಪೊರಕೆ ಕಡ್ಡಿಯ ನಯವಾದ ತುದಿಯಿಂದ ತುಟಿಯನ್ನು ಸೀಳಿ ಕೆಳಕ್ಕೆ ಸರಿಸುತ್ತೇನೆ. ಅದೇ ಕಡ್ಡಿಯಿಂದ ಪೊರೆಯನ್ನು ಮೇಲಕ್ಕೆತ್ತಿ, ಅಂಟಂಟಾದ ಪರಾಗವನ್ನು ಹೆಬ್ಬೆರಳಿನಿಂದ ಶಲಾಕಾಗ್ರಕ್ಕೆ ಮೆತ್ತಗೆ ಒತ್ತುತ್ತೇನೆ. ಕೈ ಪಳಗಿದ ಮೇಲೆ ಕೆಲವೇ ಸೆಕೆಂಡಿನ ಕೆಲಸ. ಬಿಸಿಲೇರುವ ಮೊದಲೇ ಮುಗಿಸುತ್ತೇನೆ. ಒಂದು ಗೊಂಚಲಿನಲ್ಲಿ ಎಂಟು ಹತ್ತು ಹೂ ಆದರೆ ಸಾಕು, ಉಳಿದದ್ದನ್ನು ಬಿಡುತ್ತೇನೆ.

1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಈ ವಿಧಾನ ಕಂಡುಹಿಡಿದವನು ಎಡ್ಮಂಡ್ ಅಲ್ಬಿಯಸ್. ಆಗ ಅವನಿಗೆ 12 ವರ್ಷ, ಗುಲಾಮನಾಗಿದ್ದ. ಮುಂದೆ ಬಡತನದಲ್ಲೇ ತೀರಿಕೊಂಡ. ಯಾರಿಗೆ ಈ ಕೆಲಸ ಕಲಿಸಿದರೂ ನಾನು ಅವನ ಹೆಸರನ್ನು ಮೊದಲು ಹೇಳುತ್ತೇನೆ.

ಕಾಯಿ ಕಚ್ಚದ ಹೂ ಎರಡು ಮೂರು ದಿನದಲ್ಲಿ ಉದುರುತ್ತದೆ. ಕಚ್ಚಿದ್ದು ಬಾಡಿದರೂ ಬೀಳುವುದಿಲ್ಲ. ಒಣಗಿದ ಎಸಳು ತುದಿಗೆ ಅಂಟಿಕೊಂಡೇ ಇರುತ್ತದೆ, ಹಿಂದೆ ಅಂಡಾಶಯ ದಿನದಿನವೂ ಉದ್ದವಾಗುತ್ತದೆ. ಕೊಯ್ಲಿಗೆ ಸುಮಾರು ಒಂಬತ್ತು ತಿಂಗಳು ಬೇಕು. ಈಗ ಬೆಳಗ್ಗೆ ತೋಟಕ್ಕೆ ಹೋದರೆ ಮೊದಲು ಆ ಒಣ ಎಸಳುಗಳನ್ನೇ ಎಣಿಸುತ್ತೇನೆ.