ಫ್ಲಾರೆನ್ಸಿನ ಹಳೇ ಪೇಟೆಯಲ್ಲಿ ಒಳ್ಳೆಯ ಊಟ ಹುಡುಕಿದ ಬಗೆ

ಇಟಲಿಯ ಫ್ಲಾರೆನ್ಸಿಗೆ ಹೋದವರು ಸಾಮಾನ್ಯವಾಗಿ ಕೆಂಪು ಗುಮ್ಮಟದ ದುವೋಮೊ ಚರ್ಚಿನ ಆಸುಪಾಸಿನಲ್ಲೇ ರೂಮು ಹಿಡಿಯುತ್ತಾರೆ. ನಾನು ಉಳಿದದ್ದೂ ಅಲ್ಲೇ. ಉಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಊಟಕ್ಕೆ ಆ ಚೌಕ ಬಿಟ್ಟು ಹೊರಡಲೇಬೇಕು. ಗುಮ್ಮಟ ಕಾಣುವ ಮೇಜಿನಲ್ಲಿ ನಾವು ದುಡ್ಡು ಕೊಡುವುದು ನೋಟಕ್ಕೆ. ಇವತ್ತು ಬಂದವರು ನಾಳೆ ಬರುವುದಿಲ್ಲ ಎಂದು ಗೊತ್ತಿರುವ ಅಡುಗೆಮನೆಗೆ ರುಚಿಯ ಚಿಂತೆ ಕಡಿಮೆ. ಹಾಗಾಗಿ ನಾನು ಹುಡುಕಿದ್ದು ಒಂದನ್ನೇ: ಅದೇ ಜನ ಮತ್ತೆ ಮತ್ತೆ ಬಂದು ಉಣ್ಣುವ ಜಾಗ.

ಹಳೇ ಪೇಟೆ ಚಿಕ್ಕದು. ಕಾಲುಗಂಟೆ ನಡೆಯುವುದನ್ನೂ ಹತ್ತಿರವೆಂದೇ ಲೆಕ್ಕ ಹಾಕಿದರೆ ಆಯ್ಕೆಯ ಸ್ವರೂಪವೇ ಬದಲಾಗುತ್ತದೆ. ಪೂರ್ವಕ್ಕೆ ಸಾಂತಾ ಕ್ರೋಚೆ ಚರ್ಚು ದಾಟಿದರೆ 1873ರಲ್ಲಿ ಕಟ್ಟಿದ ಸಾಂತ್ ಅಂಬ್ರೋಜೊ ಮಾರುಕಟ್ಟೆ ಸಿಗುತ್ತದೆ. ಆರ್ನೊ ನದಿಯ ಆಚೆ ದಡದಲ್ಲಿ ಸಾಂತೊ ಸ್ಪಿರಿತೊ, ಸಾನ್ ಫ್ರೆದಿಯಾನೊ ಕೇರಿಗಳಿವೆ. ನಾನು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಈ ಕಡೆಗಳಲ್ಲಿ ಸುತ್ತುತ್ತಿದ್ದೆ. ಒಳಗೆ ಕೂತವರು ಯಾರು ಎಂದು ನೋಡಲು ಅದೇ ಸರಿಯಾದ ಹೊತ್ತು. ಕೆಲಸದ ಬಟ್ಟೆಯಲ್ಲೇ ಬಂದ ಮೇಸ್ತ್ರಿಗಳು, ಅಂಗಡಿಯವರು, ಒಬ್ಬರೇ ಕೂತು ಪೇಪರ್ ಓದುತ್ತಾ ಉಣ್ಣುವ ಹಿರಿಯರು ಕಂಡರೆ ಆ ರಾತ್ರಿಗೇ ಅಲ್ಲೊಂದು ಮೇಜು ಕೇಳಿ ಹೆಸರು ಬರೆಸುತ್ತಿದ್ದೆ. ಬಾಗಿಲಲ್ಲಿ ನಿಂತು ಕೂಗಿ ಕರೆಯುವವರಿದ್ದರೆ, ಐದಾರು ಭಾಷೆಯಲ್ಲಿ ಫೋಟೊ ಸಮೇತ ಮೆನು ನೇತುಹಾಕಿದ್ದರೆ ನಿಲ್ಲುತ್ತಲೇ ಇರಲಿಲ್ಲ.

ಮೆನು ಓದುವುದನ್ನು ಕಲಿತದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಮೆನು ಚಿಕ್ಕದಿರಬೇಕು, ಋತುವಿಗೆ ತಕ್ಕಂತಿರಬೇಕು. ರಿಬೊಲ್ಲಿತ ಎನ್ನುವುದು ಹಳೆಯ ಬ್ರೆಡ್ಡು, ಬಿಳಿ ಬೀನ್ಸು, ಕಪ್ಪು ಎಲೆಕೋಸು ಹಾಕಿ ಮಾಡುವ ಗಟ್ಟಿ ಸೂಪು, ಚಳಿಗಾಲದ ಅಡುಗೆ. ಬೇಸಿಗೆಗೆ ಪಂತ್ಸನೆಲ್ಲ ಇದೆ: ನೆನೆಸಿ ಹಿಂಡಿದ ಬ್ರೆಡ್ಡಿಗೆ ಟೊಮೇಟೊ, ಈರುಳ್ಳಿ, ತುಳಸಿ ಜಾತಿಯ ಸೊಪ್ಪು ಬೆರೆಸಿದ್ದು. ಬಿರುಬೇಸಿಗೆಯಲ್ಲಿ ರಿಬೊಲ್ಲಿತವನ್ನೇ ಮೆನುವಿನ ತಲೆಗೆ ಹಾಕಿದ್ದರೆ ಅದು ಪ್ರವಾಸಿಗರಿಗೆಂದೇ ಮಾಡಿದ್ದು ಎಂಬುದು ನನ್ನ ತೀರ್ಮಾನ. ಪದಾರ್ಥದ ಹೆಸರಿನ ಪಕ್ಕದ ನಕ್ಷತ್ರದ ಗುರುತನ್ನೂ ಗಮನಿಸಿ: ಅದು ಫ್ರೀಜರಿನಿಂದ ತೆಗೆದದ್ದು ಎಂದು ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಒಂದೆರಡು ಇದ್ದರೆ ಚಿಂತೆಯಿಲ್ಲ, ಮೆನು ತುಂಬ ನಕ್ಷತ್ರವಿದ್ದರೆ ಎದ್ದುಬಿಡಿ. ಸಸ್ಯಾಹಾರಿಗಳು ಸೂಪಿನ ಸಾರು ಮಾಂಸದ್ದೋ ಅಲ್ಲವೋ ಎಂದು ಬಾಯಿಬಿಟ್ಟು ಕೇಳಲೇಬೇಕು. ಬ್ರೆಡ್ಡಿಗೆ ಉಪ್ಪಿಲ್ಲವೆಂದು ಅಡುಗೆಯವರನ್ನು ದೂರುವುದು ಬೇಡ, ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಬ್ರೆಡ್ಡೇ ಹಾಗೆ.

ಬಿಲ್ಲಿನಲ್ಲಿ ಕೊಪೆರ್ತೊ (ಮೇಜಿನ ಶುಲ್ಕ) ಎಂದು ತಲೆಗಿಷ್ಟು ಸೇರಿಸುತ್ತಾರೆ, ಅದು ಮೋಸವಲ್ಲ. ಮೆನುವಿನಲ್ಲಿ ಮೊದಲೇ ಬರೆದಿರಬೇಕು, ಅಷ್ಟೆ. ಬಿಸ್ತೆಕ್ಕ, ಅಂದರೆ ಮೂಳೆ ಸಮೇತ ಸುಟ್ಟ ದಪ್ಪ ದನದ ಮಾಂಸದ ತುಂಡು, ತಿನ್ನುವವರು ಮಾತ್ರ ಅಲ್ಲಿ ಕಾಣುವ ದರ ಇಡೀ ತುಂಡಿನದಲ್ಲ, ತೂಕದ್ದು ಎನ್ನುವುದನ್ನು ನೆನಪಿಡಿ. ತುಂಡು ಎಷ್ಟು ತೂಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಹೋಟೆಲಿನ ರಿಸೆಪ್ಶನ್ನಿನಲ್ಲಿ "ಒಳ್ಳೆಯ ರೆಸ್ಟೋರೆಂಟ್ ಯಾವುದು?" ಎಂದರೆ ಎಲ್ಲರಿಗೂ ಹೇಳುವ ಹೆಸರನ್ನೇ ಹೇಳುತ್ತಾರೆ. "ರಜೆಯ ದಿನ ನಿಮ್ಮ ಮನೆಯವರ ಜೊತೆ ಎಲ್ಲಿಗೆ ಹೋಗುತ್ತೀರಿ?" ಎಂದು ಕೇಳಿದೆ. ಆ ಹುಡುಗಿ ಸ್ವಲ್ಪ ಯೋಚಿಸಿ, ನಕ್ಷೆಯ ಮೇಲೆ ನದಿಯಾಚೆಗೆ ಒಂದು ಚುಕ್ಕಿ ಇಟ್ಟಳು. ಮಾರುಕಟ್ಟೆಯ ತರಕಾರಿಯವರನ್ನೂ ಹೀಗೇ ಕೇಳಿದ್ದೇನೆ. ಎರಡು ಟೊಮೇಟೊ ಕೊಂಡು ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ವಿಳಾಸ ಸಿಕ್ಕ ಮೇಲೂ ಒಂದು ತೊಡಕಿದೆ. ಫ್ಲಾರೆನ್ಸಿನ ಬೀದಿಗಳಲ್ಲಿ ಎರಡು ಸಾಲು ಮನೆ ನಂಬರುಗಳಿವೆ: ಅಂಗಡಿ, ಊಟದ ಹೋಟೆಲುಗಳಿಗೆ ಕೆಂಪು, ವಾಸದ ಮನೆಗಳಿಗೆ ಕಪ್ಪು ಅಥವಾ ನೀಲಿ. ಕೆಂಪು 20 ಮತ್ತು ಕಪ್ಪು 20 ಒಂದಕ್ಕೊಂದು ಬಹಳ ದೂರವಿರಬಹುದು. ವಿಳಾಸದ ಸಂಖ್ಯೆಯ ಪಕ್ಕ 'ಆರ್' ಅಕ್ಷರವಿದ್ದರೆ ಕೆಂಪು ಫಲಕ ಹುಡುಕಿ.

ರಾತ್ರಿಯ ಊಟ ಏಳೂವರೆಗೆ ಮುಂಚೆ ಸಿಗುವುದು ಅಪರೂಪ. ಚಿಕ್ಕ ಜಾಗಗಳು ವಾರಕ್ಕೊಂದು ದಿನ ಮುಚ್ಚಿರುತ್ತವೆ. ಆಗಸ್ಟ್ 15ರ ಇಟಲಿಯ ಹಬ್ಬ ಫೆರಗೊಸ್ತೊದ ಆಸುಪಾಸಿನಲ್ಲಂತೂ ಎಷ್ಟೋ ಮನೆತನದ ಹೋಟೆಲುಗಳವರು ಬಾಗಿಲಿಗೆ ಚೀಟಿ ಅಂಟಿಸಿ ರಜೆಗೆ ಹೋಗಿಬಿಡುತ್ತಾರೆ. ಆ ದಿನಗಳಲ್ಲಿ ಹೋಗುವವರು ಫೋನ್ ಮಾಡಿ ವಿಚಾರಿಸಿಕೊಂಡೇ ಸೇತುವೆ ದಾಟುವುದು ಒಳ್ಳೆಯದು.