ಬುತ್ತಿ ಕಟ್ಟಿಕೊಂಡೇ ಬರುವ ಮರಿ: ಝಾಬುವಾದಿಂದ ಹಾವೇರಿಗೆ ಕಡಕ್‌ನಾಥ್ ತರಿಸಿದ ನನ್ನ ಅನುಭವ

ಫೆಬ್ರವರಿ ಕೊನೆಯ ವಾರ. ಬೆಳಗಿನ ಜಾವ ಐದರ ಸುಮಾರಿಗೆ ಹಾವೇರಿ ಬೈಪಾಸಿನಲ್ಲಿ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಪುಣೆ ಕಡೆಯಿಂದ ಬಂದ ಸ್ಲೀಪರ್ ಬಸ್ಸು ನಿಂತಿತು. ಕ್ಲೀನರ್ ಹುಡುಗ ನನ್ನ ಕಡಕ್‌ನಾಥ್ ಕೋಳಿಮರಿಗಳಿದ್ದ ರಟ್ಟಿನ ಪೆಟ್ಟಿಗೆ ಇಳಿಸಿ, "ಅಣ್ಣಾ, ರಾತ್ರಿಯೆಲ್ಲಾ ಒಂದ್ ಸದ್ದಿಲ್ಲ, ಸತ್ತಾವೇನೋ ನೋಡ್ರಿ" ಅಂದ. ಮೇಲಿನ ಬಟ್ಟೆ ಸರಿಸಿದೆ. ಬೆಳಕು ಬಿದ್ದದ್ದೇ ತಡ, ಒಳಗೆ ಸಂತೆಯೇ ಶುರುವಾಯಿತು. ಮನೆಗೆ ಹೋಗಿ ಎಣಿಸಿದೆ. ಹೊರಟಿದ್ದು 102, ಬದುಕಿ ಬಂದಿದ್ದು 99.

ಆ ಹುಡುಗ ಸತ್ತಿವೆ ಅಂದುಕೊಂಡಿದ್ದರಲ್ಲಿ ತಪ್ಪಿಲ್ಲ. ನನಗೆ ಗೊತ್ತಿರುವ ಕೋಳಿ ಸಾಕುವವರೆಲ್ಲಾ ಅದನ್ನೇ ಹೇಳಿದ್ದರು. "ಒಂದು ದಿನದ ಮರಿ ಎರಡು ರಾತ್ರಿ ಬಸ್ಸಿನಲ್ಲಿ ಬದುಕಲ್ಲ. ತಿಂಗಳದ ಮರಿ ತರಿಸು, ಗಟ್ಟಿ ಇರ್ತಾವೆ." ನಾನೂ ಅದನ್ನು ನಂಬಿಯೇ ದುಡ್ಡು ಕಳೆದುಕೊಂಡೆ. ಸುಮಾರು ಇಪ್ಪತ್ತೈದು ಸಾವಿರ. ಮನೆಯವಳು ಈಗಲೂ ಆಡಿಕೊಳ್ಳುತ್ತಾಳೆ. "ಅಷ್ಟ್ ರೊಕ್ಕದಾಗ ಒಂದ್ ಎಮ್ಮಿ ಕರಾನ ಬರ್ತಿತ್ತಲ್ರೀ."

ಮೊದಲ ಪೆಟ್ಟು ಸಾಗಣೆಯದಲ್ಲ, ತಳಿಯದು. ನಾಲ್ಕೈದು ವರ್ಷದ ಹಿಂದೆ ಹತ್ತಿರದಲ್ಲೇ ಒಬ್ಬ ವ್ಯಾಪಾರಿಯಿಂದ ತಿಂಗಳು ತುಂಬಿದ 50 ಮರಿ ತಂದೆ. ಒಂದಕ್ಕೆ 220 ರೂಪಾಯಿ. ಎಲ್ಲವೂ ಕಪ್ಪೇ ಇದ್ದವು. ಅಸಲಿ ಕಡಕ್‌ನಾಥ್ ಆದರೆ ಪುಕ್ಕವಷ್ಟೇ ಅಲ್ಲ, ಜುಟ್ಟು, ನಾಲಿಗೆ, ಚರ್ಮ ಎಲ್ಲಾ ಕಪ್ಪು ಛಾಯೆಯವೇ. ಮೂರು ತಿಂಗಳಾಗುವಷ್ಟರಲ್ಲಿ ಅರ್ಧಕ್ಕರ್ಧ ಹುಂಜಗಳ ಜುಟ್ಟು ದಾಸವಾಳದ ಹಾಗೆ ಕೆಂಪಾಯಿತು. ಬೆರಕೆ ಮರಿಯೂ ಕಪ್ಪಾಗೇ ಹುಟ್ಟಬಹುದು, ಆದ್ದರಿಂದ ಪುಕ್ಕ ನೋಡಿ ಮೋಸ ಹೋಗಬೇಡಿ. ಬಾಯಿ ತೆರೆದು ನಾಲಿಗೆ ನೋಡಿ, ಅಂಗುಳ ನೋಡಿ, ಕಾಲಿನ ಅಡಿ ನೋಡಿ. ಅದಕ್ಕಿಂತ ಒಳ್ಳೆಯದು, ತಾಯಿ ಹಿಂಡಿನ ವಿಡಿಯೋ ತರಿಸಿಕೊಳ್ಳಿ. "ಕಡಕ್‌ನಾಥ್ ಮೊಟ್ಟೆಯೂ ಕಪ್ಪಗಿರುತ್ತೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಮೊಟ್ಟೆ ತಿಳಿ ಕಂದು ಬಣ್ಣದ್ದೇ ಇರುತ್ತದೆ.

ಆಮೇಲೆ ಹಟ ಹಿಡಿಯಿತು. ತಂದರೆ ಮೂಲದಿಂದಲೇ ತರಬೇಕು. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡೆಯ ಭಿಲ್ ಜನರ ಕೋಳಿ ಇದು. ಅಲ್ಲಿನವರು ಕಾಲಿ ಮಾಸಿ ಅನ್ನುತ್ತಾರೆ. ಝಾಬುವಾ ಕಡಕ್‌ನಾಥ್‌ಗೆ 2018ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಅನ್ನುವ ಸರ್ಕಾರಿ ಗುರುತು, ಕೂಡ ಸಿಕ್ಕಿತು. 2022ರಲ್ಲಿ ಧೋನಿಯವರ ರಾಂಚಿ ತೋಟಕ್ಕೆ ಝಾಬುವಾದಿಂದ 2000 ಮರಿ ಹೋದವು ಅಂತ ಸುದ್ದಿ ಬಂತಲ್ಲ, ಅವರಿಗೇನು, ಗಾಡಿಯೇ ಹೋಯಿತು. ನನ್ನ ಮೂವತ್ತು ಮರಿಗೆ ಗಾಡಿ ಯಾರು ಕಳಿಸುತ್ತಾರೆ?

ಅಮೆರಿಕದಲ್ಲಿ 1918ರಿಂದಲೂ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳಿಸುತ್ತಾರೆ ಅಂತ ಓದಿದ್ದೆ. ಮೊಟ್ಟೆಯಿಂದ ಬಿರಿದ 72 ಗಂಟೆಯೊಳಗೆ ತಲುಪಬೇಕು ಅನ್ನುವುದು ಅಲ್ಲಿನ ಲೆಕ್ಕ. ನಮಗೆ ಆ ಭಾಗ್ಯ ಇಲ್ಲ. ನಮ್ಮ ಪಾಲಿಗೆ ರಾತ್ರಿ ಬಸ್ಸೇ ಅಂಚೆ.

ಮೊದಲ ಸಲ ಡಿಸೆಂಬರಿನಲ್ಲಿ 30 ಮರಿ ತರಿಸಿದೆ. ಆಗ ನಾನು ದೊಡ್ಡ ಜಾಣನ ಹಾಗೆ, "ಪಾಪ, ಇಕ್ಕಟ್ಟಾಗಬಾರದು, ನೂರು ಮರಿ ಹಿಡಿಯುವ ಪೆಟ್ಟಿಗೆಯಲ್ಲೇ ಹಾಕಿ" ಅಂತ ಹೇಳಿದೆ. ಅದೂ ನಡುವಿನ ತಡೆ ತೆಗೆದ ಪೆಟ್ಟಿಗೆ. ಇಂದೋರ್ ಕಡೆ ಡಿಸೆಂಬರ್ ರಾತ್ರಿ ಅಂದರೆ ಹಲ್ಲು ಕಟಕಟ. ಮೂವತ್ತೂ ಮರಿ ಒಂದು ಮೂಲೆಗೆ ಗುಡ್ಡೆಯಾಗಿ, ಕೆಳಗಿನವು ಉಸಿರುಗಟ್ಟಿ, ಮೇಲಿನವು ಚಳಿ ಹಿಡಿದು ಸತ್ತವು. ಹನ್ನೊಂದು ಉಳಿದವು. ನಾಲ್ಕೂವರೆ ಸಾವಿರ ಹೋಯಿತು. ಪೆಟ್ಟಿಗೆಯಲ್ಲಿ ಜಾಗ ಜಾಸ್ತಿಯಾಗಿದ್ದೇ ತಪ್ಪು ಅಂತ ಆಗ ಹೊಳೆಯಲಿಲ್ಲ. ಮರಿ ಚಿಕ್ಕದಾಯಿತು ಅಂದುಕೊಂಡೆ. ಊರವರೂ ಅದನ್ನೇ ಅಂದರು.

ಅದಕ್ಕೇ ಮುಂದಿನ ಸಲ ತಿಂಗಳದ ಮರಿ. ನಲವತ್ತು, ಒಂದಕ್ಕೆ ಇನ್ನೂರರ ಲೆಕ್ಕ. ಆತುರಗೇಡಿ ನಾನು, ಮೇ ತಿಂಗಳಲ್ಲಿ ಆರ್ಡರ್ ಕೊಟ್ಟೆ. ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಾಕಿ ಬಸ್ಸಿನ ಡಿಕ್ಕಿಯಲ್ಲಿ ಇಟ್ಟಿದ್ದರು. ಕೆಳಗೆ ರಸ್ತೆಯ ಝಳ, ಹಿಂದೆ ಇಂಜಿನ್, ಸುತ್ತ ಜನರ ಸೂಟ್‌ಕೇಸು. ತಿಂಗಳದ ಮರಿ ತಿಂದು ಕುಡಿದು ರೂಢಿಯಾಗಿರುತ್ತದೆ. ಮೊಟ್ಟೆಯಿಂದ ತಂದ ಬುತ್ತಿ, ಅಂದರೆ ಹಳದಿ, ಹೊಟ್ಟೆಯಲ್ಲಿ ಉಳಿದಿರುವುದಿಲ್ಲ. ಪುಕ್ಕ ಬಂದಿರುತ್ತದೆ, ಮೈಯ ಬಿಸಿ ಜಾಸ್ತಿ. ಹಿಕ್ಕೆ ಹಸಿಯಾಗಿ ಕಣ್ಣುರಿಯುವ ವಾಸನೆ ಬೇರೆ. ನೀರು ಸಿಗದೆ ಒಂದನ್ನೊಂದು ಕುಕ್ಕಿವೆ. ಕ್ರೇಟ್ ತೆಗೆದಾಗ ಒಂಬತ್ತು ಬದುಕಿದ್ದವು, ಅವುಗಳಲ್ಲೂ ಎರಡಕ್ಕೆ ಬಾಲದ ಬುಡ ಇರಲಿಲ್ಲ. ಆ ದಿನ ಊಟ ಸೇರಲಿಲ್ಲ. ಪಕ್ಕದ ಹೊಲದ ಕಾಕಾ ಬಂದು ನೋಡಿ, "ಅಲ್ಲೋ ತಮ್ಮಾ, ಕೋಳಿ ಸಾಕಾಕತ್ತೀಯೋ ಮಣ್ಣ ಮಾಡಾಕತ್ತೀಯೋ?" ಅಂದರು. ಉತ್ತರ ಕೊಡುವ ಮುಖ ನನಗಿರಲಿಲ್ಲ.

ಜೀವಂತ ಮರಿಯ ಸಹವಾಸವೇ ಬೇಡ ಅಂತ ನಡುವೆ ಕಾವಿನ ಮೊಟ್ಟೆ ತರಿಸಿದೆ. 48 ಮೊಟ್ಟೆ, ನಲವತ್ತು ರೂಪಾಯಿಗೊಂದು. ಅರ್ಧವನ್ನು ಭತ್ತದ ಹೊಟ್ಟಿನಲ್ಲಿ, ಅರ್ಧವನ್ನು ಚುರುಮುರಿಯಲ್ಲಿ ಹೂತು ಕಳಿಸಲು ಹೇಳಿದ್ದೆ. ಚುರುಮುರಿಯದ್ದು ನನ್ನದೇ ತಲೆ. ಹಗುರ, ಮೆತ್ತಗೆ, ಕಡಿಮೆ ಖರ್ಚು. ಮೊಟ್ಟೆ ಒಂದೂ ಒಡೆಯಲಿಲ್ಲ. ಆದರೆ ದಾರಿಯಲ್ಲೇ ಇರುವೆ ಹತ್ತಿ ಪೆಟ್ಟಿಗೆ ತೆಗೆದಾಗ ಕೈತುಂಬಾ ಇರುವೆ. ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ನೆ ಬಿಡಬೇಕು ಅನ್ನುವುದು ಗೊತ್ತಿತ್ತು, ಬಿಟ್ಟೆ. ಆದರೂ ಬಸ್ಸಿನ ಕುಲುಕಾಟಕ್ಕೆ ಸುಮಾರು ಮೊಟ್ಟೆಗಳ ಒಳಗಿನ ಗಾಳಿಗೂಡು (ಅಗಲ ತುದಿಯಲ್ಲಿರುವ ಗಾಳಿಯ ಜಾಗ) ಸಡಿಲವಾಗಿತ್ತು. ಕಾವು ಕೊಡುವ ಮಷಿನ್ನಿಗೆ 36 ಇಟ್ಟೆ, ಹದಿನಾಲ್ಕೋ ಹದಿನೈದೋ ಬಿರಿದವು. ಉಳಿದ ಹನ್ನೆರಡನ್ನು ಕಾವಿಗೆ ಕೂತಿದ್ದ ಒಂದು ಜವಾರಿ ಹೇಂಟೆಯ ಕೆಳಗೆ ಇಟ್ಟೆ. ಕಡಕ್‌ನಾಥ್ ಹೇಂಟೆಗಳು ಕಾವು ಕೂರುವುದರಲ್ಲಿ ಸೋಮಾರಿಗಳು, ಅವುಗಳನ್ನು ನಂಬಿದರೆ ಕೆಟ್ಟಂತೆ. ನನ್ನ ಜವಾರಿ ಮುದುಕಿ ಹನ್ನೆರಡರಲ್ಲಿ ಏಳು ಬಿರಿಸಿದಳು. ಮಷಿನ್ನಿಗೆ ಹದಿನಾರು ಸಾವಿರ ಕೊಟ್ಟಿದ್ದೆ, ಅವಳಿಗೆ ಹಿಡಿ ಜೋಳ. ಯಾರು ಗೆದ್ದರು ಹೇಳಿ!

ಆ ಮೊಟ್ಟೆಗಳಿಂದಲೇ ನನಗೆ ಬುದ್ಧಿ ಬಂದಿದ್ದು. ಒಂದು ರಾತ್ರಿ ಕರೆಂಟ್ ಹೋದ ಗಡಿಬಿಡಿಯಲ್ಲಿ, ಬಿರಿದಿದ್ದ ನಾಲ್ಕು ಮರಿಗಳನ್ನು ಮಷಿನ್ನಿನ ಒಳಗೇ ಮರೆತಿದ್ದೆ. ನೆನಪಾಗಿದ್ದು ಎರಡು ದಿನದ ಮೇಲೆ. ನೀರಿಲ್ಲ, ಕಾಳಿಲ್ಲ. ಆದರೂ ನಾಲ್ಕೂ ಚುರುಕಾಗಿದ್ದವು. ಬಿರಿಯುವ ಮುಂಚೆ ಮರಿ ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ, ಎರಡು ಮೂರು ದಿನಕ್ಕೆ ಅದೇ ಅದರ ಬುತ್ತಿ. ಇದು ಕೋಳಿ ಸಾಕುವ ನಮಗೆಲ್ಲಾ ಗೊತ್ತಿರುವುದೇ. ಗೊತ್ತಿದ್ದೂ ನಾವು ಮಾಡುವುದೇನು? ಬುತ್ತಿ ಮುಗಿದ ಮೇಲೆ ಅದನ್ನು ಪ್ರಯಾಣಕ್ಕೆ ಕಳಿಸುತ್ತೇವೆ.

ಇನ್ನೊಂದು ವಿಷಯ. ಮಾರುವವರ "ಒಂದು ದಿನದ ಮರಿ" ಎಷ್ಟೋ ಸಲ ಎರಡು ದಿನದ್ದಾಗಿರುತ್ತದೆ. ನೂರು ಆಗುವವರೆಗೆ ಕೂಡಿ ಹಾಕಿಟ್ಟುಕೊಂಡು ಕಳಿಸುತ್ತಾರೆ. ಅದಕ್ಕೆ ನಾನು ದಿನದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಿಡಿದೆ. ಫೆಬ್ರವರಿಯ ಆ ಸಲ ಮರಿ ಮಾಡಿಸುವ ಹ್ಯಾಚರಿಯವರಿಗೆ ಮೊದಲೇ ಹೇಳಿದೆ. ನನ್ನ ಮೊಟ್ಟೆ ಬೇರೆ ಟ್ರೇಯಲ್ಲಿ ಇಡಿ. ಬಿರಿದು ಮೈ ಒಣಗಿದ ಟ್ರೇಯ ವಿಡಿಯೋ ಅವತ್ತಿನ ಪೇಪರ್ ಪಕ್ಕದಲ್ಲಿಟ್ಟು ಕಳಿಸಿ. ಹೊಕ್ಕುಳು ಹಸಿ ಇರುವ ಮರಿ ಬೇಡ. ಮಾರೆಕ್ಸ್ ರೋಗದ ಲಸಿಕೆ ಅಲ್ಲೇ ಹಾಕಿ. ಅವರು ಸಿಡುಕಿದರು. ಅಡ್ವಾನ್ಸ್ ಪೂರ್ತಿ ಹಾಕಿದ ಮೇಲೆ ಸಿಡುಕು ಕಡಿಮೆಯಾಯಿತು.

ಪೆಟ್ಟಿಗೆ ನೂರರದ್ದೇ, ಇಪ್ಪತ್ತೈದರ ನಾಲ್ಕು ಕೋಣೆ. ಪ್ರತಿ ಕೋಣೆಯೂ ತುಂಬಿರಬೇಕು. ಒಂದಕ್ಕೊಂದು ಮೈತಾಗಿ ಬೆಚ್ಚಗಿರುತ್ತವೆ, ತಡೆ ಇರುವುದರಿಂದ ಗುಡ್ಡೆಯಾಗಲ್ಲ. ಐವತ್ತೇ ತರಿಸಿದರೆ ಎರಡು ಕೋಣೆಯ ಚಿಕ್ಕ ಪೆಟ್ಟಿಗೆ ಕೇಳಿ, ನೂರರ ಪೆಟ್ಟಿಗೆಯಲ್ಲಿ ಚೆಲ್ಲಾಡಬೇಡಿ. ತಳಕ್ಕೆ ನ್ಯೂಸ್ ಪೇಪರ್ ಬೇಡವೇ ಬೇಡ, ಕಾಲು ಜಾರಿ ಸೊಟ್ಟಗಾಗುತ್ತದೆ. ನಾನು ಏನು ಹಾಸಿಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಆದರೆ ಅದು ನಿಮ್ಮ ಮನೆಯಲ್ಲೂ ಇದೆ. ದಾರಿಗೆ ಅಂತ ನೀರಿನ ಬಟ್ಟಲು ಇಡುವ ಕರುಣೆ ಮಾತ್ರ ತೋರಿಸಬೇಡಿ. ಬಟ್ಟಲು ಚೆಲ್ಲಿ ಮರಿ ಒದ್ದೆಯಾದರೆ ಮುಗಿಯಿತು. ನಮ್ಮ ದೇಶದ ಪ್ರಾಣಿ ಸಾಗಣೆ ನಿಯಮ ಕೂಡ ಒಂದು ದಿನದ ಮರಿಗೆ ಪ್ರಯಾಣದಲ್ಲಿ ಕಾಳು, ನೀರು ಕೊಡಬಾರದು ಅಂತಲೇ ಹೇಳುತ್ತದೆ. ಪಶುವೈದ್ಯರ ಆರೋಗ್ಯ ಪತ್ರ ಒಂದು ಕಾಪಿ ಪೆಟ್ಟಿಗೆಗೆ ಅಂಟಿಸಿಸಿದ್ದೆ.

ಮರಿಗಳು ಬೆಳಗ್ಗೆ ಹನ್ನೊಂದಕ್ಕೆ ಝಾಬುವಾ ಬಿಟ್ಟವು. ಸಂಜೆಯೊಳಗೆ ಇಂದೋರ್, ಅಲ್ಲಿಂದ ರಾತ್ರಿ ಬಸ್ಸಿಗೆ ಪುಣೆ. ಬೆಳಗ್ಗೆ ಪುಣೆಯಲ್ಲಿ ಇಳಿಸಿಕೊಂಡಿದ್ದು ನಮ್ಮ ದೊಡ್ಡಪ್ಪನ ಮಗ, ಅಲ್ಲಿ ಕೆಲಸಕ್ಕಿದ್ದಾನೆ. ಅವನ ಕೋಣೆಯಲ್ಲಿ ಹಗಲೆಲ್ಲಾ ಇಟ್ಟು, ಫ್ಯಾನ್ ಹಾಕದೆ, ಮುಚ್ಚಳ ಒಂದಿಷ್ಟು ಸರಿಸಿ, ಸಂಜೆ ಮತ್ತೆ ಈ ಕಡೆಯ ಬಸ್ಸಿಗೆ ಹತ್ತಿಸಿದ. ಒಟ್ಟು ನಲವತ್ತೆರಡು ಗಂಟೆ ದಾರಿ. ಬಿರಿದಾಗಿನಿಂದ ಹಿಡಿದರೂ ಐವತ್ತರ ಆಸುಪಾಸು.

ಎರಡೂ ಬಸ್ಸಿನಲ್ಲಿ ಪೆಟ್ಟಿಗೆ ಡಿಕ್ಕಿಗೆ ಹೋಗಲಿಲ್ಲ. ಡ್ರೈವರ್ ಕ್ಯಾಬಿನ್ನಿನಲ್ಲೇ ಬಂತು. ಗದ್ದಲಕ್ಕೆ ಹೆದರಿ ಡ್ರೈವರುಗಳು ಬೇಡ ಅನ್ನುತ್ತಾರೆ. ಕಪ್ಪು ಬಟ್ಟೆ ಹೊದಿಸಿದರೆ ರಾತ್ರಿ ಅಂದುಕೊಂಡು ಮರಿಗಳು ತೆಪ್ಪಗಾಗುತ್ತವೆ, ತೂತುಗಳಿಗೆ ಗಾಳಿ ಬಿಟ್ಟು ಹೊದಿಸಬೇಕು ಅಷ್ಟೆ. ಕ್ಲೀನರ್ ಹುಡುಗ ಗಾಬರಿಯಾಗಿದ್ದು ಇದಕ್ಕೇ. ಡ್ರೈವರಿಗೆ ಇನ್ನೂರು ಕೊಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಎ.ಸಿ. ಗಾಳಿ ಬೀಳದ ಜಾಗದಲ್ಲಿ ಅವರೇ ಮುತುವರ್ಜಿಯಿಂದ ಇಟ್ಟುಕೊಳ್ಳುವ ಹಾಗೆ ಮಾಡುವುದು ಬೇರೆ ವಿದ್ಯೆ. ಅದು ನನ್ನ ಗುಟ್ಟು.

ಮರಿ ಬರುವ ಮೊದಲೇ ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡು, 95 ಡಿಗ್ರಿ ಫ್ಯಾರನ್‌ಹೀಟಿಗೆ ಬಿಸಿ ಮಾಡಿಟ್ಟಿದ್ದೆ. ಪ್ರತಿ ಮರಿಯ ಕೊಕ್ಕನ್ನು ಉಗುರುಬೆಚ್ಚಗಿನ ಬೆಲ್ಲದ ನೀರಿಗೆ ಅದ್ದಿ ಬಿಟ್ಟೆ. ನುಚ್ಚು ಕೊಟ್ಟಿದ್ದು ಎರಡು ಗಂಟೆಯ ಮೇಲೆ. ಎರಡನೇ ದಿನ ಹತ್ತು ಹನ್ನೆರಡು ಮರಿಗಳ ಹಿಂಬದಿಗೆ ಹಿಕ್ಕೆ ಮೆತ್ತಿಕೊಂಡಿತ್ತು, ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದೆ. ದೂರದಿಂದ ಬಂದ ಮರಿಗೆ ಇದು ಆಗುವುದುಂಟು, ಹಾಗೇ ಬಿಟ್ಟರೆ ಸಾಯಬಹುದು. ಏಳನೇ ದಿನ ರಾಣಿಕೇತ ರೋಗಕ್ಕೆ ಲಸೋಟಾ ಲಸಿಕೆ, ಹದಿನಾಲ್ಕಕ್ಕೆ ಗಂಬೊರೊ ರೋಗದ ಲಸಿಕೆ. ತಿಂಗಳ ಕೊನೆಗೆ 94 ಇದ್ದವು. ಐದರಲ್ಲಿ ಎರಡು ಬೆಕ್ಕಿನ ಪಾಲು, ಅದಕ್ಕೆ ಬಸ್ಸು ಜವಾಬ್ದಾರಿ ಅಲ್ಲ.

ಹತ್ತು ಮರಿಗಳನ್ನು ರಾತ್ರಿ ಕತ್ತಲಲ್ಲಿ ಅದೇ ಜವಾರಿ ಮುದುಕಿಯ ರೆಕ್ಕೆ ಕೆಳಗೆ ತೂರಿಸಿಯೂ ನೋಡಿದೆ. ಬೆಳಗ್ಗೆ ಆರನ್ನು ತನ್ನವೇ ಅಂದುಕೊಂಡಿದ್ದಳು, ನಾಲ್ಕನ್ನು ಕುಕ್ಕಿ ಓಡಿಸಿದಳು. ಯಾಕೆ ಆ ನಾಲ್ಕು ಬೇಡವಾದವೋ ಅವಳಿಗೇ ಗೊತ್ತು.

ಲೆಕ್ಕ ಹೇಳಿಬಿಡುತ್ತೇನೆ. ಮರಿಗೆ 75ರ ಹಾಗೆ ನೂರಕ್ಕೆ ಏಳೂವರೆ ಸಾವಿರ, ಎರಡು ಮರಿ ವಾಡಿಕೆಯಂತೆ ಪುಕ್ಕಟೆ. ಝಾಬುವಾದಿಂದ ಇಂದೋರಿಗೆ ಹುಡುಗನ ಕೈಯಲ್ಲಿ ಕಳಿಸಿದ್ದಕ್ಕೆ ಏಳುನೂರು. ಎರಡು ಬಸ್ಸಿನ ಪಾರ್ಸೆಲ್, ಡ್ರೈವರ್ ಖುಷಿ ಎಲ್ಲಾ ಸೇರಿ ಸಾವಿರದ ನಾನೂರು. ಪುಣೆಯ ದೊಡ್ಡಪ್ಪನ ಮಗನಿಗೆ ಒಂದು ಊಟ. ಹತ್ತು ಸಾವಿರದ ಹತ್ತಿರ ಬಂತು. ಕೈಗೆ ಬಂದ ಜೀವಂತ ಮರಿ ಒಂದಕ್ಕೆ ನೂರು ರೂಪಾಯಿ. ಇಲ್ಲಿ ಬಾಯಿ ಕೆಂಪಿರುವ ಬೆರಕೆ ಮರಿಗೆ 220 ಕೊಟ್ಟಿದ್ದೆ, ನೆನಪಿದೆಯಲ್ವಾ? ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಐವತ್ತು ತರಿಸಿದೆ, ಒಂದೇ ಸತ್ತಿತ್ತು. ಫೆಬ್ರವರಿಯದ್ದು ಅದೃಷ್ಟ ಅಂದವರು ಆಮೇಲೆ ನಂಬರ್ ಕೇಳಿದರು. ಡಿಸೆಂಬರ್, ಮೇ ಮಾತ್ರ ನಾನು ಇನ್ನು ಮುಟ್ಟಲ್ಲ. ಹಕ್ಕಿಜ್ವರದ ಸುದ್ದಿ ಎಲ್ಲಾದರೂ ಇದ್ದರೆ ಆ ತಿಂಗಳೂ ಇಲ್ಲ.

ಈಗ ಕಣ್ಣು ಒಡಿಶಾದ ಹಂಸ್ಲಿ ಕೋಳಿಯ ಮೇಲಿದೆ. ಬಸ್ಸು ಬದಲಾಯಿಸುವುದು ಮೂರು ಕಡೆ, ಹೇಗೆ ಕೂಡಿಸಿದರೂ 64 ಗಂಟೆ ಬರುತ್ತಿದೆ. ಬುತ್ತಿ ಅಲ್ಲಿಯವರೆಗೆ ಸಾಕಾಗಬಹುದು, ಆದರೆ ಒಂದು ಬಸ್ಸು ತಪ್ಪಿದರೆ ಗತಿಯಿಲ್ಲ. ಹೈದರಾಬಾದಿನಲ್ಲಿ ಪರಿಚಯದವರು ಯಾರಾದರೂ ಒಂದು ಹಗಲು ಪೆಟ್ಟಿಗೆ ಇಟ್ಟುಕೊಳ್ಳುತ್ತಾರಾ ಅಂತ ಹುಡುಕುತ್ತಿದ್ದೇನೆ. ಮೊನ್ನೆ ಕಾಕಾನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತರಸೋದಾದ್ರ ನನಗೊಂದ್ ಇಪ್ಪತ್ತ್ ಮರಿ ಬರಕೋ. ರೊಕ್ಕ ಮಾತ್ರ ಮರಿ ಎಣಿಸಿದ ಮ್ಯಾಲ" ಅಂದರು.